ವಿಜಯಪುರದ ಮಡ್ಡಿ ಜಮೀನಿನಲ್ಲಿ ಡಾಗ್‌ವುಡ್ ಬೆಳೆಯಬಹುದೇ? ಅದರ ಔಷಧ ಗುಣ ಎಷ್ಟರ ಮಟ್ಟಿಗೆ ನಿಜ?

ತಿಕೋಟಾ ತೋಟಿಗ (ಪ್ರಶ್ನೆ)

ಎಲ್ಲ ಹಿರಿಯರಿಗೂ ನಮಸ್ಕಾರ. ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಭಾಗ. ಕೆಳಗಿನ ಎರಿ ಹೊಲದಲ್ಲಿ ದ್ರಾಕ್ಷಿ ಮತ್ತು ಲಿಂಬೆ ಇವೆ. ಮೇಲ್ಭಾಗದಲ್ಲಿ ಎರಡು ಎಕರೆಯಷ್ಟು ಗರಸು ಮಿಶ್ರಿತ ಮಡ್ಡಿ ಖಾಲಿ ಬಿದ್ದಿದೆ. ಬೋರ್‌ವೆಲ್ ನೀರು ಗಡಸು, ಡ್ರಿಪ್ಪಿನ ತೂತುಗಳಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ.

ಸಸಿ ಮಾರುವವರೊಬ್ಬರು ಡಾಗ್‌ವುಡ್ ಎಂಬ ಮರದ ಬಗ್ಗೆ ಕೆಲವು ದಿನಗಳಿಂದ ಮೊಬೈಲಿಗೆ ಚಿತ್ರ ಮತ್ತು ವಿವರ ಕಳಿಸುತ್ತಿದ್ದಾರೆ. ಸಸಿಗೆ 450 ರೂಪಾಯಿ, ಎಕರೆಗೆ 400 ಸಸಿ, ಮೂರನೆಯ ವರ್ಷದಿಂದಲೇ ಹಣ್ಣು, ಬಂದ ಹಣ್ಣನ್ನು ತಾವೇ ಕೊಳ್ಳುವುದಾಗಿ ಬರೆದುಕೊಡುತ್ತೇವೆ ಎನ್ನುತ್ತಾರೆ. ಒಂದು ಚಿತ್ರದಲ್ಲಿ ನಾಲ್ಕು ದೊಡ್ಡ ಎಸಳಿನ ಗುಲಾಬಿ ಬಣ್ಣದ ಹೂವಿದೆ, ಇನ್ನೊಂದರಲ್ಲಿ ಎಲೆಯಿಲ್ಲದ ಕೊಂಬೆಯ ತುಂಬ ಸಣ್ಣ ಹಳದಿ ಹೂವುಗಳಿವೆ, ಮತ್ತೊಂದರಲ್ಲಿ ಬಾರಿ ಹಣ್ಣಿಗಿಂತ ಸ್ವಲ್ಪ ಉದ್ದನೆಯ ಕೆಂಪು ಹಣ್ಣುಗಳಿವೆ. ಚೀನಾ ಮತ್ತು ಕೊರಿಯಾ ದೇಶಗಳಲ್ಲಿ ಈ ಹಣ್ಣನ್ನು ಮೂತ್ರಪಿಂಡಕ್ಕೂ ಸಕ್ಕರೆ ಕಾಯಿಲೆಗೂ ಔಷಧವಾಗಿ ಬಳಸುತ್ತಾರೆ, ತೊಗಟೆಯಿಂದ ಚಳಿಜ್ವರ ಹೋಗುತ್ತದೆ ಎಂದೂ ಬರೆದಿದ್ದಾರೆ.

ನಮ್ಮ ತಾಯಿಯವರಿಗೆ ಸಕ್ಕರೆ ಕಾಯಿಲೆಯಿದ್ದು, ಪ್ರತಿದಿನ ಗುಳಿಗೆ ತೆಗೆದುಕೊಳ್ಳುತ್ತಾರೆ. ಈ ಮಾತು ಕೇಳಿದ ಮೇಲೆ ಒಣಗಿಸಿದ ಹಣ್ಣನ್ನಾದರೂ ತರಿಸು ಎಂದು ಹೇಳುತ್ತಿದ್ದಾರೆ. ಹಣ ಹೂಡುವ ಮೊದಲು ತಿಳಿದವರನ್ನು ಕೇಳಬೇಕೆನಿಸಿತು. ಈ ಮರ ನಮ್ಮ ಮಣ್ಣಿಗೂ ಬಿಸಿಲಿಗೂ ಒಗ್ಗುತ್ತದೆಯೇ? ಔಷಧದ ವಿಚಾರದಲ್ಲಿ ಎಷ್ಟು ನಿಜ, ಎಷ್ಟು ಪ್ರಚಾರ? ಒಗ್ಗದಿದ್ದರೆ ಆ ಮಡ್ಡಿಯಲ್ಲಿ ಹಾಕಬಹುದಾದ ಬೇರೆ ಔಷಧಿ ಮರ ಯಾವುದು?

ಘಟಪ್ರಭಾ ನರ್ಸರಿ (ಉತ್ತರ)

ತೋಟಿಗರೇ, ಮುಂಗಡ ಕೊಡುವ ಮೊದಲೇ ಕೇಳಿದಿರಿ, ಒಳ್ಳೆಯದಾಯಿತು. ನಾನು ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜಿನಲ್ಲಿ ಓದಿ, ಈಗ ಗೋಕಾಕ ತಾಲೂಕಿನಲ್ಲಿ ನರ್ಸರಿ ನಡೆಸುತ್ತಿದ್ದೇನೆ. ಬೇಸಾಯದ ಭಾಗಕ್ಕೆ ನಾನು ಉತ್ತರಿಸುತ್ತೇನೆ, ಔಷಧದ ಭಾಗವನ್ನು ವೈದ್ಯರು ನೋಡಲಿ.

ಮೊದಲನೆಯ ಮಾತೆಂದರೆ, ನಿಮಗೆ ಬಂದ ಮೂರು ಚಿತ್ರಗಳು ಒಂದೇ ಗಿಡದವಲ್ಲ. ಡಾಗ್‌ವುಡ್ ಎಂದರೆ ಕಾರ್ನಸ್ ಎಂಬ ಕುಲ. ಅದರಲ್ಲಿ ಐವತ್ತಕ್ಕೂ ಹೆಚ್ಚು ಜಾತಿಗಳಿದ್ದು, ಬಹುತೇಕ ಎಲ್ಲವೂ ಉತ್ತರ ಗೋಳಾರ್ಧದ ತಂಪು ದೇಶಗಳವು. ನಾಲ್ಕು ದೊಡ್ಡ ಎಸಳಿನಂತೆ ಕಾಣುವುದು ಅಮೆರಿಕದ ಪೂರ್ವ ಭಾಗದ ಕಾರ್ನಸ್ ಫ್ಲೋರಿಡಾ ಇರಬೇಕು. ಅವು ನಿಜವಾದ ಎಸಳುಗಳೂ ಅಲ್ಲ, ನಮ್ಮ ಬೋಗನ್‌ವಿಲ್ಲಾದಲ್ಲಿರುವ ಹಾಗೆ ಬಣ್ಣ ಬಂದ ಎಲೆಗಳು. ನಿಜವಾದ ಹೂವುಗಳು ನಡುವೆ ಹಸಿರು ಗುಬಟಿಯಂತೆ ಒತ್ತಾಗಿರುತ್ತವೆ. ಅದನ್ನು ಬೆಳೆಯುವುದು ಅಂದಕ್ಕಾಗಿ, ಅದರ ಹಣ್ಣು ಕಹಿ, ಮನುಷ್ಯರು ತಿನ್ನುವಂಥದ್ದಲ್ಲ. ಬರಿಯ ಕೊಂಬೆಯ ಮೇಲೆ ಹಳದಿ ಹೂ ಬಿಟ್ಟಿರುವುದು ಚೀನಾ ಮತ್ತು ಕೊರಿಯಾದ ಕಾರ್ನಸ್ ಅಫಿಸಿನಾಲಿಸ್ ಆಗಿರಬಹುದು, ಇಲ್ಲವೇ ಯುರೋಪಿನಿಂದ ತುರ್ಕಿ, ಇರಾನ್‌ವರೆಗೆ ಬೆಳೆಯುವ ಕಾರ್ನಸ್ ಮಾಸ್ ಆಗಿರಬಹುದು. ಇವೆರಡರ ಹೂವು, ಹಣ್ಣು ನೋಡಲು ಬಹಳ ಹತ್ತಿರ. ಅಂದಮೇಲೆ ಮಾರುವವರು ಯಾವ ಸಸಿ ಕೊಡುತ್ತಾರೆ ಎಂಬುದೇ ಸ್ಪಷ್ಟವಿಲ್ಲ. ಎಳೆಯ ಸಸಿಯಲ್ಲಿ ಎಲೆ ನೋಡಿ ಜಾತಿ ಹೇಳುವುದು ಪಳಗಿದವರಿಗೂ ಕಷ್ಟ.

ಈಗ ನಿಮ್ಮ ಜಮೀನಿನ ವಿಚಾರ. ಈ ಮರಗಳಿಗೆ ಚಳಿಗಾಲವೆಂದರೆ ವಾರಗಟ್ಟಲೆ ನಿರಂತರವಾದ, ಎಲೆ ಉದುರಿಸಿ ಮೊಗ್ಗನ್ನು ಮಲಗಿಸುವ ಚಳಿ. ಆ ಚಳಿ ಸಿಕ್ಕದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ, ಹೂ ಕಟ್ಟುವುದಿಲ್ಲ. ನಮ್ಮ ವಿಜಯಪುರದಲ್ಲಿ ಪುಷ್ಯ ಮಾಸದ ರಾತ್ರಿಗಳಲ್ಲಿ ಪಾದರಸ ಕೆಲವೊಮ್ಮೆ 10 ಡಿಗ್ರಿಗಿಂತ ಕೆಳಗಿಳಿದರೂ ಮಧ್ಯಾಹ್ನದ ಹೊತ್ತಿಗೆ 28–30 ಡಿಗ್ರಿ ಮುಟ್ಟುತ್ತದೆ; ಏಪ್ರಿಲ್ ಮತ್ತು ಮೇ ತಿಂಗಳಲ್ಲಿ 40 ದಾಟುತ್ತದೆ. ಕಾರ್ನಸ್ ಫ್ಲೋರಿಡಾ ತನ್ನ ಊರಿನಲ್ಲಿಯೇ ದೊಡ್ಡ ಮರಗಳ ನೆರಳಿನಡಿ ಬೆಳೆಯುವ ಸಣ್ಣ ಮರ. ಅದರ ಬೇರುಗಳು ಮೇಲ್ಮಣ್ಣಿನಲ್ಲಿಯೇ ಹರಡುವುದರಿಂದ ಸ್ವಲ್ಪ ಒಣಗಿದರೂ ಎಲೆಯಂಚು ಸುಟ್ಟಂತಾಗುತ್ತದೆ. ಅಂಥ ಗಿಡವನ್ನು ನೆರಳಿಲ್ಲದ ಮಡ್ಡಿಯಲ್ಲಿ ನಿಲ್ಲಿಸಿ ಉಳಿಸಿಕೊಳ್ಳುವುದು ಆಗದ ಮಾತು.

ಮಣ್ಣಿನ ವಿಷಯವೂ ಅಷ್ಟೇ. ಕಾರ್ನಸ್ ಫ್ಲೋರಿಡಾ ಬಯಸುವುದು 5.5ರಿಂದ 6.5ರ ರಸಸಾರ (ಪಿಎಚ್) ಇರುವ, ಎಲೆಗೊಬ್ಬರ ತುಂಬಿದ, ನೀರು ಬಸಿದುಹೋಗುವ ಹುಳಿ ಮಣ್ಣು. ನಮ್ಮ ಭಾಗದ ಎರಿಯ ರಸಸಾರ ಸಾಮಾನ್ಯವಾಗಿ 8ರ ಮೇಲೆ, ಜೊತೆಗೆ ಸುಣ್ಣದ ಹರಳು. ಮೇಲಿನ ಮಡ್ಡಿಯ ಮಣ್ಣು ಇದಕ್ಕಿಂತ ವಾಸಿಯಿದ್ದರೂ ಅದಕ್ಕೆ ಹಾಯಿಸುವುದು ಅದೇ ಸುಣ್ಣದ ನೀರು. ಸುಣ್ಣ ಹೆಚ್ಚಾದಾಗ ಕಬ್ಬಿಣಾಂಶ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕದೆ, ಎಳೆ ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗವೆಲ್ಲ ಹಳದಿಗೆ ತಿರುಗುವುದನ್ನು ನೀವು ದ್ರಾಕ್ಷಿಯಲ್ಲಿ ನೋಡಿರುತ್ತೀರಿ. ದ್ರಾಕ್ಷಿಗಾದರೆ ಡಾಗ್‌ರಿಡ್ಜ್ ರೂಟ್‌ಸ್ಟಾಕ್ ಮೇಲೆ ಕಸಿ ಕಟ್ಟಿ ಬರ ಮತ್ತು ಉಪ್ಪುನೀರನ್ನು ತಕ್ಕಮಟ್ಟಿಗೆ ತಾಳುವಂತೆ ಮಾಡಿಕೊಂಡಿದ್ದೇವೆ. ಡಾಗ್‌ವುಡ್‌ಗೆ ನಮ್ಮ ಹವೆಗೆ ಹೊಂದುವ ಅಂಥ ಆಸರೆ ಯಾವುದೂ ಇಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಕಾರ್ನಸ್ ಮಾಸ್ ಸುಣ್ಣದ ಮಣ್ಣನ್ನು ತಡೆದುಕೊಳ್ಳುತ್ತದೆ. ಆದರೆ ಚಳಿಯಿಲ್ಲದೆ ಅದೂ ಫಲ ಕೊಡುವುದಿಲ್ಲ.

ಬೀಜದಿಂದ ಎಬ್ಬಿಸುತ್ತೇನೆಂದರೂ ಸುಲಭವಿಲ್ಲ. ಕಾರ್ನಸ್ ಫ್ಲೋರಿಡಾದ ಬೀಜವನ್ನು ತೇವದ ಮರಳಿನಲ್ಲಿ ಬೆರೆಸಿ ಮೂರು ನಾಲ್ಕು ತಿಂಗಳು 4–5 ಡಿಗ್ರಿ ತಂಪಿನಲ್ಲಿಟ್ಟ ಮೇಲೆಯೇ ಅದು ಮೊಳೆಯುವುದು. ಮಾಸ್ ಮತ್ತು ಅಫಿಸಿನಾಲಿಸ್ ಬೀಜಗಳಿಗೆ ಮೊದಲು ಕೆಲವು ತಿಂಗಳ ಬೆಚ್ಚನೆಯ ತೇವ, ಅನಂತರ ಕೆಲವು ತಿಂಗಳ ತಂಪು, ಹೀಗೆ ಎರಡು ಹಂತ ಬೇಕು. ಭೂಮಿಗೆ ಬಿದ್ದ ಬೀಜ ಎರಡನೆಯ ವಸಂತದಲ್ಲಿ ಮೊಳಕೆ ಕಾಣುವುದು ಸಾಮಾನ್ಯ. ಬೀಜದ ಸಸಿ ಹಣ್ಣು ಬಿಡಲು ಏಳೆಂಟು ವರ್ಷವಾದರೂ ಬೇಕಾಗುತ್ತದೆ, ಅದೂ ತಂಪು ದೇಶದಲ್ಲಿ. ಹೀಗಿರುವಾಗ ತಿಕೋಟಾದಲ್ಲಿ ಮೂರನೆಯ ವರ್ಷಕ್ಕೆ ಹಣ್ಣು ಎಂಬ ಮಾತನ್ನು ನಾನು ನಂಬುವುದಿಲ್ಲ.

ಇನ್ನೊಂದು ಎಚ್ಚರ. ಸಸಿ ಹೊರದೇಶದಿಂದ ಬಂದದ್ದೆಂದು ಹೇಳಿದರೆ, 2003ರ ಸಸ್ಯ ಸಂಪರ್ಕ ನಿಷೇಧ (ಪ್ಲಾಂಟ್ ಕ್ವಾರಂಟೈನ್) ಆದೇಶದ ಪ್ರಕಾರ ಪಡೆದ ಆಮದು ಪರವಾನಗಿಯನ್ನೂ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವನ್ನೂ ತೋರಿಸುವಂತೆ ಕೇಳಿರಿ. ಇದು ಬರಿಯ ಕಾಗದದ ಶಾಸ್ತ್ರವಲ್ಲ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡ ಡಿಸ್ಕುಲಾ ಎಂಬ ಶಿಲೀಂಧ್ರದ ಚಿಬ್ಬುರೋಗ ಅಲ್ಲಿನ ಕಾಡಿನ ಡಾಗ್‌ವುಡ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಒಣಗಿಸಿತು. ಅದು ಹೊರಗಿನಿಂದ ಬಂದ ಗಿಡಗಳ ಮೂಲಕ ಸೇರಿರಬೇಕೆಂಬ ಅಭಿಪ್ರಾಯ ಅಲ್ಲಿನವರಲ್ಲಿದೆ. 800 ಸಸಿಗೆ 3,60,000 ರೂಪಾಯಿ ಆಗುತ್ತದೆ. ಆ ಹಣವನ್ನು ಇದಕ್ಕೆ ಹಾಕಬೇಡಿರಿ ಎಂಬುದು ನನ್ನ ಸ್ಪಷ್ಟ ಸಲಹೆ.

ಖಾನಾಪುರದ ಅಕ್ಕ (ಉತ್ತರ)

ನರ್ಸರಿಯವರೇ, ನಮ್ಮ ಖಾನಾಪುರ ಕಡೆ ಮಣ್ಣು ಕೆಂಪು, ಹುಳಿ ಸ್ವಭಾವದ್ದು, ಮಳೆಯೂ ಹೆಚ್ಚು, ದೊಡ್ಡ ಮರಗಳ ನೆರಳೂ ಇದೆ. ಇಲ್ಲಿ ಒಂದೆರಡು ಗಿಡಗಳನ್ನು ಹವ್ಯಾಸಕ್ಕಾಗಿ ಹಾಕಿದರೆ ಬರಬಹುದೇ? ಹಿಮಾಲಯದಲ್ಲಿಯೂ ಒಂದು ಡಾಗ್‌ವುಡ್ ಇದೆ ಎಂದು ಕೇಳಿದ್ದೇನೆ.

ಘಟಪ್ರಭಾ ನರ್ಸರಿ (ಉತ್ತರ)

ಅಕ್ಕಾ ಅವರೇ, ನೀವು ಕೇಳಿರುವುದು ಕಾರ್ನಸ್ ಕ್ಯಾಪಿಟಾಟಾ. ಹಿಮಾಚಲ ಮತ್ತು ಉತ್ತರಾಖಂಡದ ಗುಡ್ಡಗಳಲ್ಲಿ ಓಕ್ ಮರಗಳ ಜೊತೆ ಬೆಳೆಯುತ್ತದೆ, ಅದರ ಕೆಂಪು ಹಣ್ಣನ್ನು ಅಲ್ಲಿನವರು ತಿನ್ನುತ್ತಾರೆ. ಖಾನಾಪುರದ ಮಣ್ಣು ಮತ್ತು ನೆರಳು ಈ ಕುಲಕ್ಕೆ ಹಿಡಿಸುವಂಥವೇ, ಆದರೆ ಚಳಿ ಸಾಲದು. ಬೆಳಗಾವಿ 750 ಮೀಟರ್ ಎತ್ತರದಲ್ಲಿದ್ದರೂ ಅಲ್ಲಿನ ಚಳಿಗಾಲ ಈ ಮರಗಳ ಲೆಕ್ಕಕ್ಕೆ ಬೆಚ್ಚಗಿನದು. ಗಿಡ ಬದುಕಿ ಉಳಿಯಬಹುದು, ಹೂ ಮತ್ತು ಹಣ್ಣಿನ ಆಸೆ ಇಟ್ಟುಕೊಳ್ಳಬೇಡಿರಿ. ಹುಳಿಸಿಹಿ ಹಣ್ಣಿನ ಉಪ್ಪಿನಕಾಯಿ, ಶರಬತ್ತು ಬೇಕೆಂದರೆ ನಿಮ್ಮ ಕಾಡಿನ ಕವಳಿ ಹಣ್ಣೇ ಇದೆ.

ಬೆಳಗಾವಿ ವೈದ್ಯ (ಉತ್ತರ)

ತೋಟಿಗರೇ, ಬೆಳಗಾವಿಯಲ್ಲಿ ಆಯುರ್ವೇದ ವೃತ್ತಿಯಲ್ಲಿರುವವನು ನಾನು. ತಮ್ಮ ತಾಯಿಯವರ ಆರೋಗ್ಯದ ಪ್ರಶ್ನೆ ಇರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಔಷಧವಾಗಿ ಗಟ್ಟಿ ಪರಂಪರೆ ಇರುವುದು ಕಾರ್ನಸ್ ಅಫಿಸಿನಾಲಿಸ್ ಹಣ್ಣಿಗೆ. ಚೀನೀಯರು ಅದನ್ನು ಶಾನ್ ಝು ಯೂ ಎಂದೂ ಕೊರಿಯಾದವರು ಸಾನ್‌ಸುಯು ಎಂದೂ ಕರೆಯುತ್ತಾರೆ. ಹಣ್ಣು ಕೆಂಪಾದ ಮೇಲೆ ಕೊಯ್ದು, ಬಿಸಿನೀರಿನಲ್ಲಿ ಅಥವಾ ಹಬೆಯಲ್ಲಿ ಮೆತ್ತಗೆ ಮಾಡಿ, ಒಳಗಿನ ಬೀಜವನ್ನು ಹಿಸುಕಿ ತೆಗೆದು, ತಿರುಳನ್ನು ಮಾತ್ರ ಒಣಗಿಸುತ್ತಾರೆ. ಬೀಜ ಸೇರಿದ ಮಾಲನ್ನು ಕೀಳು ದರ್ಜೆಯದೆಂದೇ ಎಣಿಸುತ್ತಾರೆ. ಒಣಗಿದ ಮೇಲೆ ಅದು ಬೀಜ ತೆಗೆದ ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿ ಕಡುಕೆಂಪಾಗಿರುತ್ತದೆ. ರುಚಿ ಹುಳಿ ಮತ್ತು ಒಗರು. ಆ ಒಗರಿನ ಗುಣವನ್ನು ಹಿಡಿದೇ ಅಲ್ಲಿನ ವೈದ್ಯರು ಪದೇ ಪದೇ ಮೂತ್ರಕ್ಕೆ ಹೋಗುವುದು, ಅತಿಯಾಗಿ ಬೆವರುವುದು, ಸೊಂಟದ ನಿಶ್ಶಕ್ತಿ ಮುಂತಾದವುಗಳಿಗೆ ಅದನ್ನು ಕೊಡುತ್ತ ಬಂದರು. ಸಾಂಗ್ ರಾಜವಂಶದ ಕಾಲದ ಮಕ್ಕಳ ವೈದ್ಯ ಚಿಯೆನ್ ಯಿ ರೂಪಿಸಿದ, ಆರು ದ್ರವ್ಯಗಳ ಪ್ರಸಿದ್ಧ ಗುಳಿಗೆಯೊಂದರಲ್ಲಿ ಇದು ಒಂದು ದ್ರವ್ಯ. ಗಮನಿಸಬೇಕಾದುದೆಂದರೆ, ಅವರು ಇದನ್ನು ಒಂಟಿಯಾಗಿ ಕೊಡುವುದು ಕಡಿಮೆ. ಬೇರೆ ಬೇರು, ಗೆಡ್ಡೆಗಳ ಜೊತೆ, ರೋಗಿಯ ಪ್ರಕೃತಿಯನ್ನು ನೋಡಿ ಕೊಡುತ್ತಾರೆ. ನಮ್ಮಲ್ಲಿಯೂ ಕಷಾಯಗಳ ಪದ್ಧತಿ ಹಾಗೆಯೇ ಇದೆ.

ಇದರಲ್ಲಿ ಮೊರೊನಿಸೈಡ್ ಮತ್ತು ಲೊಗಾನಿನ್ ಎಂಬ ಮುಖ್ಯ ವಸ್ತುಗಳಿವೆ. ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಲ್ಲಿ ಇವು ಮೂತ್ರಪಿಂಡದ ಹಾನಿಯನ್ನು ತಗ್ಗಿಸಿದ್ದನ್ನು ಸಂಶೋಧಕರು ತೋರಿಸಿದ್ದಾರೆ. ಕಾರ್ನಸ್ ಮಾಸ್ ಹಣ್ಣಿನ ಬಗ್ಗೆ ಇರಾನಿನಲ್ಲಿ ಮನುಷ್ಯರ ಮೇಲೆ ಸಣ್ಣ ಪ್ರಯೋಗಗಳೂ ನಡೆದಿವೆ. ಆದರೆ ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿ ಅದೇ ಪ್ರಮಾಣದಲ್ಲಿ ಕಾಣಬೇಕೆಂದಿಲ್ಲ, ಸಣ್ಣ ಪ್ರಯೋಗದ ಫಲವನ್ನು ನಂಬಿ ನಡೆಯುತ್ತಿರುವ ಗುಳಿಗೆಯನ್ನು ಬಿಡುವುದು ಸರ್ವಥಾ ಕೂಡದು. ಗುಳಿಗೆಯ ಜೊತೆಗೆ ಸೇರಿಸಿ ತೆಗೆದುಕೊಂಡರೂ ಅಪಾಯವಿಲ್ಲದಿಲ್ಲ, ಏಕೆಂದರೆ ಎರಡೂ ಕೂಡಿ ಸಕ್ಕರೆ ಹಠಾತ್ತನೆ ಇಳಿದರೆ ವಯಸ್ಸಾದವರು ತಲೆ ತಿರುಗಿ ಬೀಳುತ್ತಾರೆ. ತಾಯಿಯವರಿಗೆ ಈ ಮಾತನ್ನು ಪ್ರೀತಿಯಿಂದ ತಿಳಿಸಿ ಹೇಳಿರಿ.

ತೊಗಟೆ ಮತ್ತು ಚಳಿಜ್ವರದ ಮಾತಿಗೂ ಒಂದು ಇತಿಹಾಸವಿದೆ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರು ಬಂದರುಗಳನ್ನು ಮುಚ್ಚಿದ್ದರಿಂದ ದಕ್ಷಿಣದ ಸೈನ್ಯಕ್ಕೆ ಚಳಿಜ್ವರದ, ಅಂದರೆ ಮಲೇರಿಯಾದ, ಮದ್ದಾದ ಕ್ವಿನೈನ್ ಸಿಗುವುದು ನಿಂತುಹೋಯಿತು. ಆಗ ಅಲ್ಲಿನ ವೈದ್ಯರು ಕಾರ್ನಸ್ ಫ್ಲೋರಿಡಾದ ಕಹಿ ತೊಗಟೆಯನ್ನು ಇತರ ಮರಗಳ ತೊಗಟೆಯೊಂದಿಗೆ ಮದ್ಯದಲ್ಲಿ ನೆನೆಸಿ ಕೊಟ್ಟರು. ಆ ತೊಗಟೆಯಲ್ಲಿ ಕ್ವಿನೈನ್ ಇಲ್ಲ. ಕಹಿಯಾದುದರಿಂದ ಹಸಿವು ಹೆಚ್ಚಿಸಬಹುದು, ಮೈಬಿಸಿ ಸ್ವಲ್ಪ ತಗ್ಗಿಸಬಹುದು, ಆದರೆ ಮಲೇರಿಯಾಕ್ಕೆ ಅದು ಮದ್ದಲ್ಲ. ಬೇರೆ ದಾರಿಯಿಲ್ಲದೆ ಬಳಸಿದ್ದನ್ನು ಈಗಿನವರು ಗುಣವೆಂದು ಮಾರುತ್ತಿದ್ದಾರೆ.

ಆನ್‌ಲೈನ್‌ನಲ್ಲಿ ಜಮೈಕಾ ಡಾಗ್‌ವುಡ್ ಎಂಬ ಹೆಸರಿನ ಔಷಧವೂ ಸಿಗುತ್ತದೆ. ಅದಕ್ಕೂ ಈ ಕುಲಕ್ಕೂ ಸಂಬಂಧವೇ ಇಲ್ಲ. ಅದು ಅವರೆ, ಹೊಂಗೆಗಳ ಕುಟುಂಬಕ್ಕೆ ಸೇರಿದ ಪಿಸಿಡಿಯಾ ಎಂಬ ಮರ. ವೆಸ್ಟ್ ಇಂಡೀಸಿನಲ್ಲಿ ಅದರ ತೊಗಟೆಯನ್ನು ನೀರಿಗೆ ಹಾಕಿ ಮೀನುಗಳಿಗೆ ಅಮಲು ಬರಿಸಿ ಹಿಡಿಯುತ್ತಿದ್ದರು. ಹೆಸರು ನೋಡಿ ಅದನ್ನು ತರಿಸಬೇಡಿರಿ.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ನಮ್ಮ ಅಂಕೋಲೆ ಮರ ಇದೇ ಡಾಗ್‌ವುಡ್‌ಗಳ ಬಳಗದ್ದು. ಹಿಂದೆ ಅಂಕೋಲೆ ಸೇರುವ ಅಲಾಂಜಿಯಂ ಕುಲಕ್ಕೆ ಬೇರೆಯೇ ಕುಟುಂಬವಿತ್ತು. ವಂಶವಾಹಿಗಳನ್ನು ಹೋಲಿಸಿ ನೋಡಿದ ಮೇಲೆ ಸಸ್ಯವಿಜ್ಞಾನಿಗಳು ಅಂಕೋಲೆಯನ್ನು, ಅಂದರೆ ಅಲಾಂಜಿಯಂ ಸಾಲ್ವಿಫೋಲಿಯಂ ಅನ್ನು, ಕಾರ್ನಸ್ ಇರುವ ಕುಟುಂಬಕ್ಕೇ ಸೇರಿಸಿದ್ದಾರೆ. ಒಣ ಭೂಮಿಯಲ್ಲಿ, ಕಲ್ಲುಗರಸಿನಲ್ಲಿ, ಹೊಲದ ಬದುವಿನಲ್ಲಿ ತಾನಾಗಿಯೇ ಹುಟ್ಟಿ ಬೆಳೆಯುವ ಮರ ಅದು. ಆದ್ದರಿಂದ ಚೀನಾದ ಮರಕ್ಕೆ ಹಂಬಲಿಸುವ ಬದಲು ಅದೇ ಬಳಗದ ನಮ್ಮ ಮರವನ್ನು ಉಳಿಸಿಕೊಳ್ಳುವುದು ಮೇಲು. ಆದರೆ ಅದನ್ನು ಮನೆಮದ್ದು ಮಾಡಿಕೊಳ್ಳಲು ಹೋಗಬೇಡಿರಿ, ಕಾರಣವನ್ನು ಹೇಳಬೇಕು.

ಭಾವಪ್ರಕಾಶವೆಂಬ ಆಯುರ್ವೇದ ಗ್ರಂಥದಲ್ಲಿ ಅಂಕೋಲವನ್ನು ರೇಚಕ, ಕೃಮಿಹರ, ಶೂಲ ಮತ್ತು ಬಾವು ತಗ್ಗಿಸುವಂಥದ್ದು, ವಿಷಹರ ಎಂದು ಹೇಳಿದೆ. ಬೇರಿನ ತೊಗಟೆ ವಾಂತಿ ಮಾಡಿಸುವಷ್ಟು ಪ್ರಬಲ. 19ನೆಯ ಶತಮಾನದಲ್ಲಿ ಮದ್ರಾಸಿನ ವೈದ್ಯ ಮೋಹಿದ್ದೀನ್ ಶರೀಫ್ ಅವರು ವಾಂತಿ ಮಾಡಿಸಲು ಕೊಡುತ್ತಿದ್ದ ವಿಲಾಯಿತಿಯ ಇಪಿಕಾಕ್ ಬೇರಿಗೆ ಬದಲಾಗಿ ಇದನ್ನು ಬಳಸಬಹುದೆಂದು ಬರೆದಿದ್ದರು. ಅವರ ಅನುಭವ ಸರಿಯಾಗಿಯೇ ಇತ್ತು, ಏಕೆಂದರೆ ಇಪಿಕಾಕ್‌ನಲ್ಲಿರುವ ಎಮೆಟಿನ್ ಎಂಬ ಕ್ಷಾರವಸ್ತುವೇ ಅಂಕೋಲೆಯ ಬೇರಿನಲ್ಲಿಯೂ ಇದೆಯೆಂದು ಆಮೇಲೆ ಗೊತ್ತಾಯಿತು. ಡಾಗ್‌ವುಡ್ ಹಣ್ಣಿನಲ್ಲಿರುವ ಲೊಗಾನಿನ್‌ನಿಂದ ಸೆಕೊಲೊಗಾನಿನ್ ಎಂಬ ಇನ್ನೊಂದು ವಸ್ತು ಹುಟ್ಟುತ್ತದೆ, ಅದು ಡೋಪಮೈನ್ ಎಂಬ ವಸ್ತುವಿನ ಜೊತೆ ಕೂಡಿ ಅಂಕೋಲೆಯಲ್ಲಿ ಎಮೆಟಿನ್ ಆಗುವ ಹಾದಿ ಹಿಡಿಯುತ್ತದೆ. ಒಂದೇ ಬಳಗದಲ್ಲಿ ಒಂದರ ಹಣ್ಣು ಸೌಮ್ಯವಾಗಿಯೂ ಇನ್ನೊಂದರ ಬೇರು ತೀಕ್ಷ್ಣವಾಗಿಯೂ ಇರುವುದಕ್ಕೆ ಇದು ಕಾರಣ ಎಂಬುದು ನನಗೆ ಬಹಳ ಸೊಗಸಾದ ವಿಷಯವಾಗಿ ಕಾಣುತ್ತದೆ.

1912ರಲ್ಲಿ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರೋಜರ್ಸ್ ಅವರು ಅಮೀಬಾ ಆಮಶಂಕೆಗೆ ಎಮೆಟಿನ್ ಚುಚ್ಚುಮದ್ದನ್ನು ಬಳಕೆಗೆ ತಂದರು, ಅದರಿಂದ ಅನೇಕರು ಬದುಕಿದರು. ಆದರೆ ಎಮೆಟಿನ್ ದೇಹದಲ್ಲಿ ಬಹಳ ದಿನ ಉಳಿದು ಹೃದಯದ ಮಾಂಸಖಂಡವನ್ನು ಹಾಳುಮಾಡುತ್ತದೆ. ಹಾಗಾಗಿಯೇ ಅದೇ ರೋಗಕ್ಕೆ ಮೆಟ್ರೊನಿಡಜೋಲ್ ಎಂಬ ಔಷಧ ಬಂದ ಮೇಲೆ ಅದರ ಬಳಕೆ ಹಿಂದೆ ಸರಿಯಿತು. ಅಂಥ ವಸ್ತುವಿರುವ ಬೇರನ್ನು ಅಳತೆಯಿಲ್ಲದೆ, ಶುದ್ಧಿಯಿಲ್ಲದೆ ಕುದಿಸಿ ಕುಡಿಯುವುದು ಪ್ರಾಣಕ್ಕೇ ಎರವಾದೀತು.

ಗುಳೇದಗುಡ್ಡದ ನೇಕಾರ (ಉತ್ತರ)

ವೈದ್ಯರ ಬರಹ ಓದಿ ಬಹಳ ವಿಷಯ ತಿಳಿಯಿತು. ಡಾಗ್‌ವುಡ್ ಕಟ್ಟಿಗೆಯ ಬಗ್ಗೆ ನನ್ನ ಕಸುಬಿಗೆ ಸಂಬಂಧಿಸಿದ ಒಂದು ಮಾತಿದೆ. ಅಮೆರಿಕದಲ್ಲಿ ಕಾರ್ನಸ್ ಫ್ಲೋರಿಡಾ ಕಟ್ಟಿಗೆಯನ್ನು ಬಹಳ ಕಾಲ ಗಿರಣಿಗಳ ಲಾಳಿ ಮಾಡಲು ಬಳಸುತ್ತಿದ್ದರು. ಲಾಳಿ ಹಾಸಿನ ನೂಲುಗಳ ನಡುವೆ ದಿನವಿಡೀ ಅತ್ತಿತ್ತ ಓಡುತ್ತದೆ. ಕಟ್ಟಿಗೆಯಲ್ಲಿ ಒಂದು ಸಣ್ಣ ಸಿಬಿರು ಎದ್ದರೂ ನೂಲು ಹರಿಯುತ್ತದೆ, ಅರಿವೆಯಲ್ಲಿ ಗೆರೆ ಬೀಳುತ್ತದೆ. ಈ ಕಟ್ಟಿಗೆ ಸವೆದಷ್ಟೂ ನುಣುಪಾಗುತ್ತ ಹೋಗುವುದರಿಂದ ಲಾಳಿಗೆ ಹೇಳಿ ಮಾಡಿಸಿದಂತಿತ್ತು. ಕುಪ್ಪಸದ ಖಣ ನೇಯುವ ನಮ್ಮಂಥವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಭಾಗದ ಅಂಕೋಲೆ ಕಟ್ಟಿಗೆಯೂ ಗಟ್ಟಿ; ಕೊಡಲಿ ಕಾವಿಗೆ, ಒನಕೆಗೆ ಹಿರಿಯರು ಅದನ್ನು ಆರಿಸುತ್ತಿದ್ದರು.

ವೈದ್ಯರಲ್ಲಿ ಒಂದು ಪ್ರಶ್ನೆ. ಹುಚ್ಚುನಾಯಿ ಕಚ್ಚಿದವರಿಗೆ ಅಂಕೋಲೆ ಬೇರಿನ ತೊಗಟೆಯನ್ನು ಅರೆದು ಕುಡಿಸುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ವಾಂತಿಯಾದರೆ ವಿಷ ಇಳಿಯಿತು ಎನ್ನುತ್ತಾರೆ. ಕುಡಿದವರು ಬದುಕಿದ್ದನ್ನು ನಾವೂ ನೋಡಿದ್ದೇವೆ. ಇದಕ್ಕೆ ಏನು ಹೇಳುತ್ತೀರಿ?

ಬೆಳಗಾವಿ ವೈದ್ಯ (ಉತ್ತರ)

ನೇಕಾರರೇ, ಈ ಪ್ರಶ್ನೆ ಕೇಳಿದ್ದಕ್ಕೆ ತಮಗೆ ನಾನು ಋಣಿ. ಇದು ಜೀವದ ಪ್ರಶ್ನೆಯಾದ್ದರಿಂದ ಸುತ್ತುಬಳಸು ಮಾತು ಬೇಡ.

ಕಚ್ಚಿದ ಎಲ್ಲ ನಾಯಿಗಳಿಗೂ ರೇಬೀಸ್ ಇರುವುದಿಲ್ಲ. ರೋಗವಿಲ್ಲದ ನಾಯಿ ಕಚ್ಚಿದವನು ಬೇರು ಕುಡಿದರೂ ಬದುಕುತ್ತಾನೆ, ಕುಡಿಯದಿದ್ದರೂ ಬದುಕುತ್ತಾನೆ. ಬೇರು ಕುಡಿದವನು ಬದುಕಿದಾಗ ಕೀರ್ತಿ ಬೇರಿಗೆ ಹೋಗುತ್ತದೆ. ರೇಬೀಸ್ ವೈರಾಣು ಹೊಟ್ಟೆಯಲ್ಲಿ ಇರುವುದಿಲ್ಲ, ಗಾಯದಿಂದ ನರಗಳ ಗುಂಟ ಮಿದುಳಿನ ಕಡೆಗೆ ಸಾಗುತ್ತದೆ. ಎಷ್ಟು ವಾಂತಿ ಮಾಡಿಸಿದರೂ ಅದು ಹೊರಬೀಳಲಾರದು. ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಯುವ ಆಸೆ ಬಹುಮಟ್ಟಿಗೆ ಇಲ್ಲವೇ ಇಲ್ಲ.

ನಾಯಿ ಕಚ್ಚಿದ ತಕ್ಷಣ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಹಚ್ಚಕೂಡದು. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಮೊದಲ ಲಸಿಕೆಯ ದಿನವನ್ನು ಸೊನ್ನೆ ಎಂದು ಹಿಡಿದರೆ ಚರ್ಮಕ್ಕೆ ಕೊಡುವ ಲಸಿಕೆ 0, 3, 7 ಮತ್ತು 28ನೆಯ ದಿನ; ಮಾಂಸಖಂಡಕ್ಕೆ ಕೊಡುವುದಾದರೆ 14ನೆಯ ದಿನವೂ ಸೇರುತ್ತದೆ. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಕೊಡಿಸಬೇಕು. ನಾನು ಆಯುರ್ವೇದದವನಾಗಿಯೇ ಇದನ್ನು ಹೇಳುತ್ತಿದ್ದೇನೆ. ಗ್ರಂಥಗಳಲ್ಲಿ ಅಂಕೋಲವನ್ನು ಶ್ವಾನವಿಷಕ್ಕೆ ಹೇಳಿದ ಕಾಲದಲ್ಲಿ ಲಸಿಕೆ ಇರಲಿಲ್ಲ, ಈಗ ಇದೆ. ನಿಮ್ಮ ಓಣಿಯಲ್ಲಿ ಯಾರಾದರೂ ಬೇರು ಅರೆಯಲು ಹೊರಟರೆ ದಯವಿಟ್ಟು ತಡೆದು ಆಸ್ಪತ್ರೆಗೆ ಕಳಿಸಿರಿ.

ತಿಕೋಟಾ ತೋಟಿಗ (ಮರುಪ್ರಶ್ನೆ)

ಎಲ್ಲರಿಗೂ ಅನಂತ ಧನ್ಯವಾದಗಳು. ಡಾಗ್‌ವುಡ್ ಸಸಿ ಬೇಡವೆಂದು ಮಾರುವವರಿಗೆ ತಿಳಿಸಿದ್ದೇನೆ. ಪರವಾನಗಿ ತೋರಿಸಿರೆಂದು ಕೇಳಿದಾಗ ಅವರಿಂದ ಉತ್ತರವೇ ಬರಲಿಲ್ಲ. ತಾಯಿಯವರಿಗೂ ವೈದ್ಯರ ಮಾತನ್ನು ಓದಿ ಹೇಳಿದೆ. ಗುಳಿಗೆ ಬಿಡುವುದಿಲ್ಲವೆಂದು ಒಪ್ಪಿಕೊಂಡಿದ್ದಾರೆ, ಅಂಕೋಲೆ ಹಣ್ಣನ್ನು ಚಿಕ್ಕಂದಿನಲ್ಲಿ ತವರಿನಲ್ಲಿ ತಿನ್ನುತ್ತಿದ್ದೆ ಎಂದೂ ಹೇಳಿದರು. ಹಾಗಾದರೆ ಹಣ್ಣು ತಿನ್ನಬಹುದೇ? ಮಡ್ಡಿಯಲ್ಲಿ ಅಂಕೋಲೆ ಹಾಕುವುದಾದರೆ ಹೇಗೆ ಹಾಕಬೇಕು, ಅದರಿಂದ ಆದಾಯವೇನಾದರೂ ಇದೆಯೇ?

ಬೆಳಗಾವಿ ವೈದ್ಯ (ಉತ್ತರ)

ಚೆನ್ನಾಗಿ ಕಳಿತ ಹಣ್ಣಿನ ತಿರುಳನ್ನು ನಾಲ್ಕಾರು ತಿನ್ನಬಹುದು, ಬೀಜವನ್ನು ಅಗಿಯದೆ ಉಗುಳಬೇಕು. ಗ್ರಂಥದಲ್ಲಿ ಹಣ್ಣನ್ನು ತಂಪು, ಸಿಹಿ, ಬಲಕರ ಎಂದರೂ ಗುರು ಮತ್ತು ರೇಚಕ ಎಂದೂ ಹೇಳಿದೆ, ಅಂದರೆ ಹೆಚ್ಚು ತಿಂದರೆ ಭೇದಿಯಾಗುತ್ತದೆ. ಸಕ್ಕರೆ ಕಾಯಿಲೆಗೆ ಅದರಿಂದ ವಿಶೇಷ ಉಪಕಾರವೆಂದು ತಿಳಿಯಬೇಡಿರಿ. ಗಿಡದ ಗುರುತಿನಲ್ಲಿ ಸಂಶಯವಿದ್ದರೆ ತಿನ್ನುವುದು ಬೇಡ. ಹೂ ಮತ್ತು ಹಣ್ಣಿರುವ ಕೊಂಬೆಯನ್ನು ಕಾಗದದ ನಡುವೆ ಒತ್ತಿ ಒಣಗಿಸಿ, ಆಯುರ್ವೇದ ಕಾಲೇಜಿನಲ್ಲಿ ಔಷಧಿ ಗಿಡಗಳನ್ನು ಕಲಿಸುವ ದ್ರವ್ಯಗುಣ ವಿಭಾಗದಲ್ಲಿ ತೋರಿಸಿರಿ.

ಘಟಪ್ರಭಾ ನರ್ಸರಿ (ಉತ್ತರ)

ಗುರುತು ಹಿಡಿಯುವುದು ಹೂ ಬಿಟ್ಟಾಗ ಸುಲಭ. ಶಿವರಾತ್ರಿಯ ಆಸುಪಾಸು ಮರ ಎಲೆ ಉದುರಿಸಿ ನಿಂತಾಗ ಕೊಂಬೆಯ ಗುಂಟ ಕೆನೆಬಿಳಿ ಹೂಗಳು ಬಿಡುತ್ತವೆ. ಎಸಳುಗಳು ಕಿರಿದಾದ ಪಟ್ಟಿಯಂತಿದ್ದು, ಅರಳಿದಾಗ ಹಿಂದಕ್ಕೆ ಸುರುಳಿ ಸುತ್ತಿಕೊಳ್ಳುತ್ತವೆ. ನಡುವೆ ಕೇಸರಗಳ ಗೊಂಚಲು ಎದ್ದು ನಿಲ್ಲುತ್ತದೆ, ಪರಿಮಳ ದೂರದಿಂದಲೇ ಬರುತ್ತದೆ, ಜೇನ್ನೊಣಗಳು ಮುತ್ತಿಕೊಂಡಿರುತ್ತವೆ. ಸಣ್ಣ ಕೊಂಬೆಗಳ ತುದಿ ಮುಳ್ಳಿನಂತೆ ಚೂಪಾಗಿರುತ್ತದೆ. ಬೇಸಿಗೆ ಕೊನೆಗೆ ಹಣ್ಣು ಕಡುಕೆಂಪಿನಿಂದ ಕಪ್ಪಿಗೆ ತಿರುಗುತ್ತದೆ, ಅದರ ನೆತ್ತಿಯಲ್ಲಿ ಹೂವಿನ ಪುಷ್ಪಪಾತ್ರೆ ಸಣ್ಣ ಕಿರೀಟದಂತೆ ಉಳಿದಿರುತ್ತದೆ. ಒಳಗೆ ಲೋಳೆಯಂಥ ತಿರುಳು, ಒಂದೇ ಗಟ್ಟಿ ಬೀಜ.

ಬಾದಾಮಿ ಕಡೆಯ ಗುಡ್ಡಗಳ ಕುರುಚಲು ಕಾಡಿನಂಥ ನೆಲ ಇದಕ್ಕೆ ಪ್ರಿಯ, ನಿಮ್ಮ ಮಡ್ಡಿಯೂ ಅದೇ ತರಹದ್ದು. ಕೆಳಗಿನ ಎರಿಯಲ್ಲಿ ನೀರು ನಿಲ್ಲುವ ಜಾಗಕ್ಕೆ ಮಾತ್ರ ಹಾಕಬೇಡಿರಿ. ಕಳಿತ ಹಣ್ಣಿನ ಬೀಜವನ್ನು ಮರಳಿನಲ್ಲಿ ಉಜ್ಜಿ, ಲೋಳೆ ಪೂರ್ತಿ ಹೋಗುವಂತೆ ತೊಳೆದು, ನೆರಳಿನಲ್ಲಿ ನೀರು ಆರಿಸಿ ಕೂಡಲೇ ಬಿತ್ತಬೇಕು, ಹಳೆಯದಾದ ಬೀಜ ಮೊಳೆಯುವುದು ಕಡಿಮೆ. ಮಸಾರಿ ಮಣ್ಣು, ಮರಳು, ಹಳೆಯ ತಿಪ್ಪೆಗೊಬ್ಬರ ಸಮಪಾಲು ಬೆರೆಸಿ ಉದ್ದನೆಯ ಪಾಲಿಥಿನ್ ಚೀಲ ತುಂಬಿಸಿರಿ. ತಾಯಿಬೇರು ಆಳಕ್ಕಿಳಿಯುವುದರಿಂದ ಗಿಡ್ಡ ಚೀಲದಲ್ಲಿ ಅದು ಸುತ್ತಿಕೊಂಡು ಗಿಡ ಮುಂದೆ ಕುಂಠಿತವಾಗುತ್ತದೆ. ಮುಂದಿನ ವರ್ಷದ ಮುಂಗಾರಿಗೆ ಒಂದೂವರೆ ಅಡಿ ಗುಣಿಯಲ್ಲಿ ನೆಟ್ಟು, ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಕೊಡದಿಂದ ನೀರು ಹಾಕಿದರೆ ಸಾಕು. ಆಮೇಲೆ ಅದು ಮಳೆಯ ಮೇಲೆಯೇ ನಿಲ್ಲುತ್ತದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಆದ್ದರಿಂದ ಬದುವಿಗೆ 10–12 ಅಡಿಗೊಂದರಂತೆ ಹಾಕಿ ಗಾಳಿತಡೆ ಮಾಡಿಕೊಳ್ಳಬಹುದು.

ಆದಾಯದ ಬಗ್ಗೆ ನೇರವಾಗಿ ಹೇಳುತ್ತೇನೆ. ಬೇರಿಗಾಗಿ ಇದನ್ನು ಬೆಳೆಯಬೇಡಿರಿ, ಬೇರು ಕಿತ್ತರೆ ಮರವೇ ಹೋಗುತ್ತದೆ, ಕೊಳ್ಳುವವರೂ ಖಚಿತವಿಲ್ಲ. ಬೆಳವಣಿಗೆ ನಿಧಾನ. ಬದುವಿಗೆ ಅಂಕೋಲೆಯನ್ನಿಟ್ಟು, ನಡುವಿನ ಜಾಗದಲ್ಲಿ ಬೆಟ್ಟದ ನೆಲ್ಲಿಯನ್ನೋ ಸೀತಾಫಲವನ್ನೋ ಹಾಕಿದರೆ ಅದರಿಂದ ಹಣ ಬರುತ್ತದೆ. ಮಳೆಗಾಲದಲ್ಲಿ ಸಾಲಿನ ನಡುವೆ ಅಶ್ವಗಂಧ ಬಿತ್ತಬಹುದು. ಮೊದಲು ಮಡ್ಡಿಯ ಮಣ್ಣು ಮತ್ತು ಬೋರ್‌ವೆಲ್ ನೀರು ಎರಡನ್ನೂ ಪರೀಕ್ಷೆ ಮಾಡಿಸಿರಿ. ವಿಜಯಪುರದ ಹಿಟ್ನಳ್ಳಿ ಕೃಷಿ ಕಾಲೇಜಿನಲ್ಲಿ ಅಥವಾ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ವಿಚಾರಿಸಬಹುದು. ವರದಿ ಬಂದ ಮೇಲೆ ರಸಸಾರ ಮತ್ತು ಸುಣ್ಣದ ಅಂಶವನ್ನು ಇಲ್ಲಿಯೇ ಬರೆಯಿರಿ, ನೆಲ್ಲಿಯ ತಳಿ ಮತ್ತು ಅಂತರವನ್ನು ಅದನ್ನು ನೋಡಿ ತಿಳಿಸುತ್ತೇನೆ. ಅಂಕೋಲೆ ಬೀಜ ಈ ಬೇಸಿಗೆಯ ಕೊನೆಗೆ ನಮ್ಮಲ್ಲಿ ಸಿಗುತ್ತದೆ, ಚೀಲಗಳನ್ನು ಅದಕ್ಕೆ ಮೊದಲೇ ತುಂಬಿಸಿ ಇಟ್ಟುಕೊಂಡಿರಿ.